ಆರು ಮೀಟರ್ ಕಮ್ಮಿ

"ಸಾವಿರ ಅಲ್ಲ ಕಣೋ ವಿಂಕೊ, ಒಂಬೈನೂರ ತೊಂಬತ್ತನಾಲ್ಕು!" ಎಂದು ಸ್ರೆಚ್ಕೊ ಬೆಟ್ಟದ ನೆತ್ತಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದ. ಅಳಿಯ ಕೊಡಿಸಿದ ಹೊಸ ಕೈಗಡಿಯಾರ ಎತ್ತರವನ್ನೂ ತೋರಿಸುತ್ತಿತ್ತು. ಬೆಳಿಗ್ಗೆಯಿಂದ ಅವನು ದಾರಿಗಿಂತ ಅದನ್ನು ನೋಡಿದ್ದೇ ಹೆಚ್ಚು.

ವಿಂಕೊ ಇಂಗು ತಿಂದ ಮಂಗನಂತಾದ. "ಬೋರ್ಡ್ ನೋಡೋ! ಸಾವಿರ ಅಂತ ಬರ್ದಿಲ್ವಾ?"

"ಬರ್ದೋನು ನಿಮ್ಮಪ್ಪ ತಾನೆ?"

ಅದು ನಿಜವೇ. ನಮ್ಮ ಲಿಪ್ನಿಕ್ ಬೆಟ್ಟ ಸಾವಿರ ಮುಟ್ಟುವುದಿಲ್ಲ ಎಂಬ ಅನುಮಾನ ಊರಲ್ಲಿ ಹಿಂದಿನಿಂದಲೂ ಇತ್ತು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಯಾರೂ ಅಳೆಯಲು ಹೋಗಿರಲಿಲ್ಲ. ಅಳೆದರೆ ನಷ್ಟವೂ ಇತ್ತು. ಸಾವಿರ ಮೀಟರ್ ದಾಟಿದ ಮೇಲೆ ನಮ್ಮ ಸ್ಲೊವೇನಿಯಾದಲ್ಲಿ ಯಾರಿಗೂ 'ನೀವು' ಇಲ್ಲ. ಮಂತ್ರಿಯಾಗಲಿ ಪಾದ್ರಿಯಾಗಲಿ, ಬರೀ 'ನೀನು'. ಕೆಳಗಿಳಿದ ಮೇಲೆ ಮತ್ತೆ ಅವರವರ ಮರ್ಯಾದೆ ಅವರವರಿಗೆ.

ವಿಂಕೊ ಈ ಪದ್ಧತಿಯ ಮೇಲೆ ಪ್ರಾಣವನ್ನೇ ಇಟ್ಟಿದ್ದ. ಹೆಂಡತಿ ತೀರಿಕೊಂಡ ಮೇಲೆ ಬಿಪಿ ಮಾತ್ರೆಗೆಂದು ಔಷಧಿ ಅಂಗಡಿಗೆ ಹೋಗಿ ಹೋಗಿ, ಅಲ್ಲಿನ ಓತಿಲಿಯಾ ಮೇಡಂ ಎದುರು ನಿಂತಾಗಲೇ ಅವನ ಬಿಪಿ ಏರತೊಡಗಿತ್ತು. "ಹೇಗಿದ್ದೀರಿ?" "ಚೆನ್ನಾಗಿದ್ದೀನಿ, ನೀವು?" ಇಷ್ಟರಲ್ಲೇ ವರ್ಷಗಳು ಕಳೆದುಹೋದವು. ಊರಿನ ಪ್ರಕೃತಿ ಹಬ್ಬದಲ್ಲಿ ಜನರನ್ನು ಬಿಟ್ಟಿಯಾಗಿ ಬೆಟ್ಟ ಹತ್ತಿಸಿ ತೋರಿಸುವವನು ವಿಂಕೊನೇ. ಈ ಸಲ ಮೇಡಂ ಕೂಡ ಬೂಟು ಕಟ್ಟಿಕೊಂಡು ಬಂದಿದ್ದರು. ಅವನು ದಾರಿಯುದ್ದಕ್ಕೂ ಹೂಗಳ ಹೆಸರನ್ನೆಲ್ಲ ತಪ್ಪುತಪ್ಪಾಗಿ ಹೇಳಿದ. ಮನಸ್ಸೆಲ್ಲ ಬೋರ್ಡಿನ ಕೆಳಗೆ ನಿಂತು ಆಡಬೇಕಾದ ಆ ಒಂದು ಪದದ ಮೇಲಿತ್ತು.

"ಹಬ್ಬದ ದಿನ ಆರು ಮೀಟರ್ ಯಾವ ಲೆಕ್ಕ, ಮೇಡಂ?" ಎಂದು ಅವನು ಕೊನೆಯ ಪ್ರಯತ್ನ ಮಾಡಿದ.

"ನಾನು ಮಾತ್ರೇಲಿ ಆರು ಮಿಲಿಗ್ರಾಂ ಹೆಚ್ಚುಕಮ್ಮಿ ಮಾಡಿದ್ರೆ ನೀವು ಇವತ್ತು ಇಲ್ಲಿ ನಿಂತಿರ್ತಿದ್ರಾ, ವಿಂಕೊ ಅವರೇ?"

ಆ 'ಅವರೇ' ಅವನ ಎದೆಗೆ ನಾಟಿತು. ಮೇಡಂ ಮಾತ್ರ ಚೀಲ ಕೆಳಗಿಟ್ಟು, ಸುತ್ತಲ ನೋಟ ನೋಡಲೆಂದು ಅಲ್ಲಿ ಕಟ್ಟಿದ್ದ ಕಬ್ಬಿಣದ ಗೋಪುರದ ಕಡೆ ನಡೆದು, ಸರಸರನೆ ಹತ್ತಿಬಿಟ್ಟರು.

ಯಾವ ಬೆಟ್ಟಕ್ಕೂ ಹೆದರದ ವಿಂಕೊಗೆ ಆ ಗೋಪುರ ಕಂಡರೆ ಆಗದು. ಜಾಲರಿ ಮೆಟ್ಟಿಲು, ಕಾಲಡಿ ನೋಡಿದರೆ ಬರೀ ಗಾಳಿ. ಪ್ರತಿ ಹಬ್ಬದಲ್ಲೂ ಚೀಲ ಕಾಯುವ ನೆಪ ಹೇಳಿ ಕೆಳಗೇ ಉಳಿಯುತ್ತಿದ್ದ.

"ವಿಂಕೊ!" ಮೇಲಿಂದ ದನಿ ಬಂತು. "ನೀನು ಬರ್ತೀಯೋ, ಚೀಲ ಕಾಯ್ತೀಯೋ?"

ಅಕ್ರೋಟದ ರೊಟ್ಟಿ ಜಗಿಯುತ್ತಿದ್ದ ಬಾಯಿಗಳೆಲ್ಲ ಒಟ್ಟಿಗೇ ನಿಂತವು.

"ಬಂದೆ! ನೀವು ಅಲ್ಲೇ ಇರಿ!" ಎಂದ ವಿಂಕೊ. ಪಾಪ, ಅವನಿನ್ನೂ ಸಾವಿರದ ಕೆಳಗಿದ್ದ.

ಕಣ್ಣು ಮುಚ್ಚಿ, ಕಂಬಿ ತಬ್ಬಿಕೊಂಡು ಹತ್ತತೊಡಗಿದ. ಹಿಂದಿನಿಂದ ಸ್ರೆಚ್ಕೊ ಗಡಿಯಾರ ನೋಡುತ್ತ ನೂಕುತ್ತಿದ್ದ. "ತೊಂಬತ್ತಾರು! ಕಾಲೆತ್ತೋ ಕತ್ತೆ! ತೊಂಬತ್ತೆಂಟು!"

"ಬಾಯ್ಮುಚ್ಚೋ, ತಲೆ ತಿರುಗುತ್ತೆ."

"ಸಾವಿರ! ಸಾವಿರದ ಒಂದು! ಇನ್ನಾದ್ರೂ ಮಾತಾಡೋ!"

ವರ್ಷಗಟ್ಟಲೆ ಉಜ್ಜಿ ಹೊಳಪು ಕೊಟ್ಟಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ವಿಂಕೊಗೆ ನೆನಪಾಗಲಿಲ್ಲ. "ಓತಿಲಿಯಾ, ನನ್ನ ಕೈ ಹಿಡ್ಕೊ. ಬಿದ್ಹೋಗ್ತೀನಿ."

"ಹಿಡ್ಕೊಂಡಿದ್ದೀನಿ ಕಣೋ," ಎಂದಳು ಓತಿಲಿಯಾ. "ಕಣ್ಣು ಬಿಡು."

ಬಿಟ್ಟ. ಕಣಿವೆಯನ್ನು ನೋಡಲಿಲ್ಲ, ಅದನ್ನು ಅವನು ಮೊದಲೇ ಎಷ್ಟೋ ಸಲ ನೋಡಿದ್ದ.

ಆದರೆ ಪದ್ಧತಿ ಪದ್ಧತಿಯೇ. ಕೆಳಗಿಳಿದು ಬೋರ್ಡಿನ ಹತ್ತಿರ ಬರುತ್ತಲೇ ಮೇಡಂ, "ನಿಮ್ಮ ಚೀಲ, ವಿಂಕೊ ಅವರೇ," ಎಂದು ಎತ್ತಿಕೊಟ್ಟರು. ವಿಂಕೊಗೆ ಅಳುವೇ ಬಂತು. ಊರು ಮುಟ್ಟುವವರೆಗೆ ಒಂದು ಹೂವಿನ ಹೆಸರನ್ನೂ ಹೇಳಲಿಲ್ಲ.

ಸೋಮವಾರ ಔಷಧಿ ಅಂಗಡಿಯಲ್ಲಿ ಸಾಲಿತ್ತು. ವಿಂಕೊನ ಬೆನ್ನಿಗೇ ಪಾದ್ರಿಯ ಅಡುಗೆಯವಳು ನಿಂತಿದ್ದಳು. ಅವಳ ಕಿವಿಗೆ ಬಿದ್ದ ಸುದ್ದಿ ಚರ್ಚಿನ ಗಂಟೆಗಿಂತ ದೂರ ಕೇಳಿಸುತ್ತದೆ. ಮೇಡಂ ಅವಳ ಮುಖವನ್ನೊಮ್ಮೆ ನೋಡಿದರು. ಆಮೇಲೆ ಮಾತ್ರೆಯ ಡಬ್ಬಿಯನ್ನು ವಿಂಕೊನ ಮುಂದಿಟ್ಟು, ದನಿ ಸ್ವಲ್ಪವೂ ತಗ್ಗಿಸದೆ, "ಬೆಳಿಗ್ಗೆ ಒಂದು ತಗೋ. ಮರೀಬೇಡ," ಎಂದರು.

ವಿಂಕೊ ತಲೆಯಾಡಿಸಿ, ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದ. ಕಾಲು ತಾನಾಗಿಯೇ ರಸ್ತೆಯಾಚೆಯ ರೈಲು ನಿಲ್ದಾಣಕ್ಕೆ ನಡೆಯಿತು. ನಿವೃತ್ತನಾಗುವವರೆಗೂ ಅವನು ದುಡಿದ ಜಾಗ. ಅವನೇ ಪ್ರತಿ ವಸಂತದಲ್ಲಿ ಬಣ್ಣ ಬಳಿಯುತ್ತಿದ್ದ ಫಲಕ ಗೋಡೆಯ ಮೇಲಿತ್ತು: ಸಮುದ್ರಮಟ್ಟದಿಂದ ೩೫೨ ಮೀಟರ್. ಬೆಂಚಿನಲ್ಲಿ ಕುಳಿತು ಅದನ್ನು ಓದಿದ. ಮತ್ತೊಮ್ಮೆ ಓದಿದ.

ಅಂಗಡಿಯ ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ಬಿಳಿ ಕೋಟು ತೊಟ್ಟ ಓತಿಲಿಯಾ ಡಬ್ಬಿಯನ್ನು ಮೇಲೆತ್ತಿ ಹಿಡಿದು ರಸ್ತೆ ದಾಟುತ್ತಿದ್ದಳು.