ನೀರು ಸವೆಸಿದ ಚೂರು

ಇನ್ನೊಂದು ಸಿಕ್ಕರೆ ಹೋಗುತ್ತೇನೆ ಎಂದುಕೊಂಡು ಕಮಲಾಕ್ಷಮ್ಮ ಮತ್ತೆ ಬಗ್ಗಿದಳು. ಸಿಕ್ಕಿತು. ಹೋಗಲಿಲ್ಲ.

ಬೇಸಗೆಗೆ ದೋರಸಮುದ್ರದ ಕೆರೆಯ ನೀರು ಹಿಂದೆ ಸರಿದಿತ್ತು. ಅಂಚಿನ ಒಣಗಿದ ಕೆಸರಿನಲ್ಲಿ ಹಸಿರು, ಕೆಂಪು, ಅಲ್ಲೊಂದು ಇಲ್ಲೊಂದು ನೀಲಿ ಗಾಜಿನ ಚೂರು. ನೀರಿನಲ್ಲಿ ಉರುಳಿ ಉರುಳಿ ಅಂಚೆಲ್ಲ ನುಣುಪಾಗಿ, ಮೈ ಮಸುಕಾಗಿತ್ತು. ಮದುವೆಯಾದ ವರ್ಷ ಮಂಗಳೂರಿನ ಕಡಲ ದಂಡೆಯಲ್ಲಿ ಇಂಥವನ್ನೇ ಆಯ್ದು ಗಂಡನ ಕೋಟಿನ ಜೇಬು ತುಂಬಿಸಿದ್ದಳು. ಅವು ಒಡೆದ ಸೀಸೆಗಳವೆಂದು ಅವನು ಹೇಳಿದ್ದ. ಈ ಕೆರೆಯ ಚೂರುಗಳು ಯಾವುದರವೆಂದು ಅವಳು ಹಳೇಬೀಡಿನಲ್ಲಿ ಯಾರನ್ನೂ ಕೇಳಿರಲಿಲ್ಲ. ಅವುಗಳ ಬಾಗು ನೋಡಿದರೆ ಕೇಳುವ ಅಗತ್ಯವೂ ಇರಲಿಲ್ಲ.

ಆದರೆ ಇವತ್ತು ಅವಳು ಬಂದದ್ದು ಗಾಜಿಗಲ್ಲ. ಪಕ್ಕದ ಮನೆಯ ರುದ್ರಮ್ಮನಿಗೆ ಮಾತು ಕೊಟ್ಟಿದ್ದಳು. ರುದ್ರಮ್ಮನ ಗಂಡ ಹೋದ ವಾರ ತೀರಿಕೊಂಡಿದ್ದ. ಇವತ್ತು ಅವಳನ್ನು ಬಳೆ ಒಡೆಯಲು ಕೆರೆಗೆ ಕರೆತರುವವರಿದ್ದರು. ನಿನ್ನೆ ಸಂಜೆ ಹಿತ್ತಲಲ್ಲಿ ನಿಂತು, ಒಂದು ಕೈಯಿಂದ ಇನ್ನೊಂದು ಕೈಯ ಬಳೆಗಳನ್ನು ಮುಚ್ಚಿಕೊಂಡು ಕೇಳಿದ್ದಳು: "ನೀವೊಂದು ಮಾತು ಹೇಳಿ ಮೇಷ್ಟ್ರಮ್ಮ. ಓದಿದೋರ ಮಾತು ಕೇಳ್ತಾರೆ."

ಬರುತ್ತೇನೆ, ಯಾರಿಗೂ ಆ ಹಕ್ಕಿಲ್ಲ ಎಂದಿದ್ದಳು ಕಮಲಾಕ್ಷಮ್ಮ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತಾಗಿನ ದನಿ ಅದು. ಆಗ ಬಹುಮಾನವೂ ಬಂದಿತ್ತು.

ಬಂದಿದ್ದಳು. ಗಾಜು ಆಯುವ ನೆಪವನ್ನೂ ಜೊತೆಗೆ ತಂದಿದ್ದಳು.

ಅವಳ ಗಂಡ ಸತ್ತು ವರ್ಷಗಳಾಗಿದ್ದವು. ಆಗ ಮೈಸೂರಿನಲ್ಲಿ ಅವಳ ತಂದೆ ಮಗಳ ಕೈ ಮುಟ್ಟಲು ಯಾರನ್ನೂ ಬಿಟ್ಟಿರಲಿಲ್ಲ. ಅದು ಅವಳಿಗೆ ಹೆಮ್ಮೆಯ ಸಂಗತಿಯಾಗಿತ್ತು. ಈ ಊರಿನ ಹೆಣ್ಣುಮಕ್ಕಳ ಶಾಲೆಗೆ ಬಂದ ದಿನ, ಬಾಡಿಗೆಗೆ ಮನೆ ಕೊಡುವ ಮುಂಚೆ ಅಂಕಮ್ಮ ಯಜಮಾನರೆಲ್ಲಿ ಎಂದು ಕೇಳಿದಳು. ಬೊಂಬಾಯಿಯಲ್ಲಿ ಎಂದಿತು ಬಾಯಿ. ಆಮೇಲೆ ಆ ಬೊಂಬಾಯಿಗೆ ಒಂದು ಕಂಪನಿ, ರಜೆ ಕೊಡದ ಒಬ್ಬ ಸಾಹೇಬ, ಆಗಾಗ ಕಾಡುವ ಕೆಮ್ಮು ಎಲ್ಲ ಒಂದೊಂದಾಗಿ ಸೇರಿಕೊಂಡವು. ರಜೆಯಲ್ಲಿ ಅರಸೀಕೆರೆಗೆ ಹೋಗಿ, ಬೊಂಬಾಯಿಗೆಂದು ಹೇಳಿ ಮೈಸೂರಿನ ರೈಲು ಹತ್ತುತ್ತಿದ್ದಳು. ಯುದ್ಧ ಶುರುವಾದ ಮೇಲೆ ಸುಳ್ಳು ಇನ್ನೂ ಸಲೀಸಾಯಿತು.

ನಿಜ ಗೊತ್ತಿದ್ದದ್ದು ರುದ್ರಮ್ಮ ಒಬ್ಬಳಿಗೇ. ಜ್ವರದಲ್ಲಿ ಮಲಗಿದ್ದಾಗ ಕಮಲಾಕ್ಷಮ್ಮ ಬಡಬಡಿಸಿಬಿಟ್ಟಿದ್ದಳು. ಗಂಜಿಯ ಲೋಟ ಬಾಯಿಗೆ ಹಿಡಿದು ರುದ್ರಮ್ಮ, "ನಂಗೇನೂ ಕೇಳಿಸ್ಲಿಲ್ಲ, ಕುಡೀರಿ" ಎಂದಿದ್ದಳು.

ಏರಿಯಿಂದ ಹೆಂಗಸರು ಇಳಿದರು. ಮುಂದೆ ರುದ್ರಮ್ಮನ ಅತ್ತೆ ಕೆಂಚಮ್ಮ, ಬೋಳು ಕೈ ಬೀಸುತ್ತ. ನಡುವೆ ರುದ್ರಮ್ಮ. ಮುಡಿತುಂಬ ಹೂ, ಮೊಣಕೈವರೆಗೆ ಹೊಸ ಹಸಿರು ಬಳೆ. ಒಡೆಯುವುದಕ್ಕೆಂದೇ ತೊಡಿಸಿದ್ದರು.

"ಯಾರದು, ಮೇಷ್ಟ್ರಮ್ಮನಾ?" ಕೆಂಚಮ್ಮ ನಿಂತಳು. "ಮುತ್ತೈದೇರು ಇದ್ನೆಲ್ಲ ನೋಡಬಾರ್ದು ಕಣಮ್ಮ. ಆ ಕಡೀಕೆ ಹೋಗಿ."

"ಬಲವಂತ ಮಾಡಬಾರದು ಅಂತ..."

"ಬಲವಂತ ಎಲ್ಲೈತೆ? ನಂಗೂ ಹಿಂಗೇ ಮಾಡಿದ್ರು. ನಿಮ್ಮೆಜಮಾನ್ರು ಅಲ್ಲಿ ತಣ್ಣಗಿರ್ಲಿ. ಗಂಡ ಇರೋರಿಗೆ ಇದೆಲ್ಲ ಏನು ಗೊತ್ತಾದಾತು?"

ಹೇಳಬೇಕಾದದ್ದು ಒಂದೇ ವಾಕ್ಯ. ನನ್ನ ಗಂಡನೂ ಸತ್ತಿದ್ದಾನೆ, ನೋಡಿ, ನನ್ನ ಬಳೆ ಇವೆ. ಕಮಲಾಕ್ಷಮ್ಮ ಅದನ್ನು ಬಾಯೊಳಗೆ ಜೋಡಿಸಿದಳು. ಸತ್ತಿದ್ದಾನೆ ಎನ್ನುವುದು ಒರಟಾಯಿತು, ತೀರಿಕೊಂಡಿದ್ದಾರೆ ಎನ್ನಬೇಕು ಎಂದು ತಿದ್ದಿದಳು. ತಿದ್ದುತ್ತಲೇ ಇದ್ದಳು.

ರುದ್ರಮ್ಮ ತಲೆಯೆತ್ತಿ ಅವಳ ಮುಖ ನೋಡಿದಳು. ಆಮೇಲೆ ಅವಳ ಬಳೆಗಳನ್ನು ನೋಡಿದಳು. ತುಟಿ ಅಲುಗಿತು. ಹೇಳಿಬಿಡುತ್ತಾಳೆ ಎಂದುಕೊಂಡಳು ಕಮಲಾಕ್ಷಮ್ಮ.

"ಹೋಗಿ ಮೇಷ್ಟ್ರಮ್ಮ," ಎಂದಳು ರುದ್ರಮ್ಮ. "ನೀವು ನೋಡಬಾರ್ದು."

ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು, ಅವಳು ಆಗಲೇ ನಡೆಯತೊಡಗಿದ್ದಳು.

ಹಿಂದೆ ಕಲ್ಲಿನ ಸದ್ದು ಕೇಳಿತು. ಗಾಜಿನ ಸದ್ದು ಅಷ್ಟಾಗಿ ಕೇಳಲಿಲ್ಲ. ಅಳುವೂ ಕೇಳಲಿಲ್ಲ. ಕೈಯಲ್ಲಿದ್ದ ಚೂರುಗಳನ್ನು ಬಲವಾಗಿ ಹಿಸುಕಿದಳು. ಒಂದಾದರೂ ಚುಚ್ಚಲಿಲ್ಲ.

ಬೀದಿಯ ತಿರುವಿನಲ್ಲಿ ಅಂಕಮ್ಮ ತನ್ನ ಮನೆಯ ಜಗಲಿಯಿಂದಲೇ ತಡೆದಳು. ಕೆರೆಯ ಕಡೆಯಿಂದ ಬಂದಿರಲ್ಲ, ಅದನ್ನು ಕಂಡ ಕಣ್ಣಲ್ಲಿ ಸೀದಾ ಮನೆಗೆ ಹೋಗಬಾರದು ಎಂದು ಕೂರಿಸಿದಳು. ಅರಿಸಿನ ಕುಂಕುಮದ ತಟ್ಟೆ ತಂದಳು. ಬೇಡವೆನ್ನಲು ಕಾರಣ ಬೇಕಿತ್ತು. ಇದ್ದ ಕಾರಣ ಒಂದೇ.

ಅಂಕಮ್ಮ ಧಾರಾಳವಾಗಿಯೇ ಇಟ್ಟಳು. ಕುಂಕುಮ ಹಣೆಯಿಂದ ಜಾರಿ ಮೂಗಿನ ಮೇಲೆ ಉದುರಿತು.

"ಅಯ್, ನೋಡಿ," ಅಂಕಮ್ಮ ನಕ್ಕಳು. "ಮೂಗಿನ ಮ್ಯಾಲೆ ಬಿತ್ತು. ಯಜಮಾನ್ರಿಗೆ ನಿಮ್ಮ ಮ್ಯಾಲೆ ಪ್ರಾಣ ಕಣ್ರೀ. ಒರೆಸ್ಕೋಬ್ಯಾಡಿ, ಹಂಗೇ ಇರ್ಲಿ."

ಎದುರು ಮನೆಯ ಹೆಂಗಸರೂ ಬಾಗಿಲಿಗೆ ಬಂದು ನೋಡಿ ನಕ್ಕರು. ಕಮಲಾಕ್ಷಮ್ಮನೂ ನಗಲು ಹೋದಳು. ಉಸಿರಿಗೆ ಕೆಂಪು ಪುಡಿ ಅಲುಗಿತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಉದುರೀತೆಂದು ಅವಳು ಉಸಿರು ಬಿಗಿಹಿಡಿದು, ಮುಖವನ್ನು ತುಸು ಮೇಲೆತ್ತಿಕೊಂಡು ಕೂತೇ ಇದ್ದಳು.