ಬೆಳಕು ನೂಕಿದಷ್ಟು

ನವನೀತಾ ಚಟ್ಟದ ಬಿದಿರನ್ನು ಎರಡೂ ಕೈಯಿಂದ ಹಿಡಿದು ಕೂತುಬಿಟ್ಟಳು.

"ಬಿಡವ್ವಾ, ಎತ್ತಾಕ ಹೊತ್ತಾಗ್ತೈತಿ," ಎಂದ ಚಿಕ್ಕಪ್ಪ ಆಶಪ್ಪ.

"ಮಾಲೀಕರು ಸಾಲಿಗೆ ಫೋನ್ ಹಚ್ಚೋತನಕ ಅಪ್ಪನ್ನ ಎತ್ತಾಕ ಬಿಡಂಗಿಲ್ಲ ಕಾಕಾ."

ಮಕ್ತಲ್‌ನ ವೆಲ್ಡಿಂಗ್ ಶೆಡ್ಡಿನ ಮಾಲೀಕ ನರಸಯ್ಯ ಹಾರ ಹಿಡಿದು ಅಂಗಳದಲ್ಲಿ ನಿಂತಿದ್ದ. ಅವನ ಲೇಸರ್ ಯಂತ್ರದ ಮೇಲೆ ದುಡಿಯುತ್ತಿದ್ದ ಅವಳ ಅಪ್ಪ ಚಂದ್ರಯ್ಯ ನಿನ್ನೆ ಸಂಜೆ ಎದೆನೋವಿನಿಂದ ತೀರಿಕೊಂಡಿದ್ದ. ಅವನು ಬೆಸೆದ ರೇಲಿಂಗನ್ನು ಶನಿವಾರವೇ ಇಲ್ಲಿಯ, ಮರಿಕಲ್ಲಿನ, ಶಾಲೆಯ ಮೇಲ್ಮಹಡಿಗೆ ಕೂಡಿಸಿದ್ದರು. ಇವತ್ತು ಸೋಮವಾರ. ಊಟದ ಬಿಡುವಿನಲ್ಲಿ ಮಕ್ಕಳೆಲ್ಲ ಅದಕ್ಕೆ ಒರಗಿ ನಿಲ್ಲುತ್ತಾರೆ.

"ಬೆಸುಗಿ ಕನ್ನಡಿ ಇದ್ದಂಗ ಐತಲ್ಲವ್ವಾ," ಎಂದ ನರಸಯ್ಯ.

"ಒಳಗ ಹಿಡಿದಿಲ್ರೀ."

*

ಹೋದ ವಾರ ತಾನು ಕೆಲಸ ಮಾಡುವ ಹೈದರಾಬಾದಿನ ಪ್ರಯೋಗಾಲಯದಿಂದ ಬರುವಾಗ ನವನೀತಾ ಉಗುರಿನಷ್ಟೇ ದೊಡ್ಡದಾದ ಸಾಧನವೊಂದನ್ನು ತಂದಿದ್ದಳು. ತೆಳ್ಳನೆಯ ಸ್ಪ್ರಿಂಗಿನ ಮೇಲೊಂದು ಕನ್ನಡಿ. ಲೇಸರ್ ಅದಕ್ಕೆ ಬಡಿದು, ಹೊರಳಿ, ಕೆಲಸಕ್ಕೆ ಹೋಗುತ್ತದೆ. ಕನ್ನಡಿ ಎಷ್ಟು ಹಿಂದೆ ಸರಿಯಿತೋ ಬೆಳಕಿನ ಕಸುವು ಅಷ್ಟು.

"ಬೆಳಕು ನೂಕತೈತೇನವ್ವಾ?" ಚಂದ್ರಯ್ಯ ನಕ್ಕಿದ್ದ.

"ನೂಕತೈತಪ್ಪ. ನಮಗ ತಿಳಿಯಂಗಿಲ್ಲ, ಅಷ್ಟ."

ಶೆಡ್ಡಿನ ಹಳೆಯ ಮೀಟರಿನಿಂದ ಕಸುವು ಅಳೆಯಲು ಕೆಲಸ ನಿಲ್ಲಿಸಿ ಬೆಳಕನ್ನೆಲ್ಲ ಅದಕ್ಕೇ ಕುಡಿಸಬೇಕಿತ್ತು. ಈ ಸಾಧನ ಬೆಸುಗೆ ನಡೆದಿರುವಾಗಲೇ ಅಳೆಯಿತು. ಯಂತ್ರ ಕಾದಂತೆಲ್ಲ ಅಂಕಿ ಇಳಿಯತೊಡಗಿತು. ಚಂದ್ರಯ್ಯನ ನಗು ನಿಂತಿತು. ರೇಲಿಂಗಿನದೊಂದು ಬೆಸುಗೆಯನ್ನು ಕೊಯ್ದು ನೋಡಿದ. ಮೇಲಷ್ಟೇ ಕೂಡಿತ್ತು.

"ಮುಂದಿನ ಕೆಲಸಕ್ಕ ನೋಡೋಣು," ಎಂದಿದ್ದ ನರಸಯ್ಯ, ಅದನ್ನು ತೋರಿಸಿದಾಗ. ರೇಲಿಂಗು ಹಾಗೇ ಶಾಲೆಗೆ ಹೋಯಿತು. ಅವತ್ತಿನಿಂದ ಚಂದ್ರಯ್ಯನಿಗೆ ಅನ್ನ ಸೇರಲಿಲ್ಲ. "ಸೋಮವಾರ ಸಾಲಿಗೆ ನಾನ ಹೋಗಿ ಹೇಳ್ತೀನಿ," ಎನ್ನುತ್ತಿದ್ದ.

*

"ನೀನ ಫೋನ್ ಮಾಡಬಾರದೇನು?" ಆಶಪ್ಪ ಕೇಳಿದ.

"ಮಾಡೀನಿ. ಮಾಲೀಕರು ಹೇಳ್ಲಿ ಅಂದ್ರು ಹೆಡ್‌ಮಾಸ್ತರು."

ಆಶಪ್ಪ ಅವಳ ಕಿವಿಯ ಬಳಿ ಬಗ್ಗಿದ. "ಅಣ್ಣನ ಕೈಕೆಲಸ ಖೋಟಾ ಅಂತ ಅವನ ಹೆಣದ ಮುಂದ ಸಾರ್ತಿಯೇನು?"

"ಹೂಂ ಕಾಕಾ. ಅವನೂ ಅದನ್ನ ಹೇಳಾಕ ಹೊಂಟಿದ್ದ."

ಬೆಳಗಿನಿಂದ ಗೋಡೆಗೊರಗಿ ಕೂತಿದ್ದ ತಾಯಿ ಭೀಮಮ್ಮ ಎದ್ದು ಬಂದು ಆಚೆ ಬದಿಯ ಬಿದಿರನ್ನು ಹಿಡಿದು ಕೂತಳು.

ನರಸಯ್ಯ ಹಾರವನ್ನು ಕಟ್ಟೆಯ ಮೇಲಿಟ್ಟು ಫೋನು ತೆಗೆದ. ತೆಲುಗಿನಲ್ಲಿ ಮೆಲ್ಲಗೆ ಶುರುಮಾಡಿದ. ಆ ಕಡೆಯವರಿಗೆ ಕೇಳಿಸಲಿಲ್ಲವೇನೋ, ಕೊನೆಗೆ ಅಂಗಳಕ್ಕೆಲ್ಲ ಕೇಳುವಂತೆ ಕೂಗಬೇಕಾಯಿತು: ಮಕ್ಕಳನ್ನು ಮೇಲೆ ಬಿಡಬೇಡಿ, ಬೆಸುಗೆ ಹಿಡಿದಿಲ್ಲ, ನನಗೆ ಮೊದಲೇ ಗೊತ್ತಿತ್ತು.

ತಾಯಿ ಮಗಳು ಕೈ ಬಿಟ್ಟರು. ಚಟ್ಟ ಎದ್ದಿತು.

ಶಾಲೆಯ ಮುಂದೆ ಹಾಯುವಾಗ ಮಕ್ಕಳು ತಟ್ಟೆ ಹಿಡಿದು ಬೇವಿನ ಕೆಳಗೆ ಸಾಲಾಗಿ ಕೂತಿದ್ದರು. ಮೇಲ್ಮಹಡಿ ಖಾಲಿ. ಮೆಟ್ಟಿಲಿಗೆ ಅಡ್ಡವಾಗಿ ಬೆಂಚು ಹಾಕಿಕೊಂಡು ಹೆಡ್‌ಮಾಸ್ತರೇ ಕೂತಿದ್ದರು. ಚಟ್ಟ ಕಂಡು ಎದ್ದು ಕೈಮುಗಿದರು. ಬೆಂಚು ಬಿಟ್ಟು ಮಾತ್ರ ಕದಲಲಿಲ್ಲ.