ಹುಂಜದ ನಷ್ಟಪರಿಹಾರ

ಊರಿಗೆಲ್ಲ ಅವನು ಫಳಫಳ. ಕಿಟಕಿ ಗಾಜು ಒರೆಸುವುದು ಅವನ ಕಸುಬು. ಯಜಮಾನ, ಗುಮಾಸ್ತ, ಕೂಲಿಯಾಳು ಮೂರೂ ಅವನೇ. ಅವನು ಒರೆಸಿದ ಗಾಜಿನ ಮುಂದೆ ನಿಂತರೆ ನಾಳೆ ಏಳಬೇಕಾದ ಮೊಡವೆ ಇವತ್ತೇ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅವನ ಕೈಯಿಂದ ಒಂದು ಗೀರು ಬಿದ್ದದ್ದಿಲ್ಲ, ಒಂದು ಬಿರುಕು ಬಿಟ್ಟದ್ದಿಲ್ಲ. ಹಾಗಂತ ಅವನೇ ಹೇಳುತ್ತಿದ್ದ; ಹೇಳದೆ ಉಂಡ ದಿನವಿಲ್ಲ.

ಆ ಕಸುಬಿನಲ್ಲಿ ಒಂದು ಗಂಡಾಂತರವಿದೆ. ಎತ್ತರದ ಗಾಜು ಒರೆಸುವ ಕೋಲಿಗೆ ಎರಡು ತುದಿ. ಒರೆಸುವವನ ಕಣ್ಣು, ಮನಸ್ಸು, ಜೀವ ಎಲ್ಲ ಮುಂದಿನ ತುದಿಯಲ್ಲಿ. ಹಿಂದಿನ ತುದಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಹೊಸಬರು ಮೊದಲ ವಾರದಲ್ಲೇ ಹಿಂದಿನ ತುದಿಯಿಂದ ಯಾರದೋ ಹೂದಾನಿ ಒಡೆದು ಪಾಠ ಕಲಿತುಬಿಡುತ್ತಾರೆ. ಫಳಫಳ ಏನನ್ನೂ ಒಡೆಯದೆ ಇದ್ದದ್ದರಿಂದ ಆ ಪಾಠ ಇಪ್ಪತ್ತೆರಡು ವರ್ಷ ಬಡ್ಡಿ ಸಮೇತ ಬೆಳೆಯುತ್ತ ಕೂತಿತ್ತು.

ಒಂದು ಗುರುವಾರ ಅದು ದರ್ಜಿಯ ಮನೆಯ ಹಜಾರದಲ್ಲಿ ತೀರಿತು. ಅಲ್ಲೊಂದು ಪಿಂಗಾಣಿ ಹುಂಜವಿತ್ತು. ನಾಲ್ಕಡಿ ಎತ್ತರ, ಕೆಂಪು ಜುಟ್ಟು, ಹೊಟ್ಟೆಯಲ್ಲಿ ಗಡಿಯಾರ. ಗಂಟೆಗೊಮ್ಮೆ, ಹಗಲಿರುಳೆನ್ನದೆ, ಕತ್ತು ಸೀಳಿದ ಹಾಗೆ ಕೂಗುತ್ತಿತ್ತು. ಅದು ಕೂಗಿದರೆ ಹೊಲಿಗೆ ಮಿಷನ್ನಿನ ಸೂಜಿ ಬಟ್ಟೆ ಬಿಟ್ಟು ದರ್ಜಿಯ ಹೆಬ್ಬೆರಳನ್ನು ಹುಡುಕಿಕೊಂಡು ಹೋಗುತ್ತಿತ್ತು. ಹನ್ನೊಂದು ವರ್ಷದ ಕೆಳಗೆ ದರ್ಜಿಯ ಅಕ್ಕ ಪ್ರೀತಿಯಿಂದ ತಂದುಕೊಟ್ಟದ್ದು. ಪ್ರತಿ ಭಾನುವಾರ ಅವಳೇ ಬಂದು, ಅದರ ಎದುರು ಕುರ್ಚಿ ಹಾಕಿಕೊಂಡು, ಹನ್ನೊಂದು ಗಂಟೆಯ ಕೂಗು ಕೇಳಿ, ತಲೆದೂಗಿ, ಚಹಾ ಕುಡಿದು ಹೋಗುತ್ತಿದ್ದಳು. ಹಾಗಾಗಿ ಅದನ್ನು ಬಿಸಾಡುವಂತಿರಲಿಲ್ಲ, ಅಟ್ಟಕ್ಕೆ ಹಾಕುವಂತಿರಲಿಲ್ಲ, ಬಾಯಿಗೆ ಬಟ್ಟೆ ತುರುಕುವಂತೆಯೂ ಇರಲಿಲ್ಲ.

ಫಳಫಳ ಮೇಲಿನ ಮೂಲೆಯ ಒಂದು ಚುಕ್ಕೆಗಾಗಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ, ಹುಂಜಕ್ಕೆ ತಪ್ಪಲಿಲ್ಲ. ಬಿದ್ದ ಸದ್ದಿಗೆ ಮೂರು ಬೀದಿಯ ನಾಯಿಗಳು ಊರು ಬಿಟ್ಟವು. ಒಂದು ಸಾವಿರದ ನೂರ ನಾಲ್ಕು ಚೂರು. ಬೇಕಾದರೆ ಎಣಿಸಬಹುದಿತ್ತು, ಫಳಫಳ ಮಂಡಿಯೂರಿ ಎಣಿಸಿಯೇ ಇದ್ದ.

ದರ್ಜಿ ಮಿಷನ್ ನಿಲ್ಲಿಸಿದ. ಅವನ ಹೆಂಡತಿ ಅಡುಗೆಮನೆಯಿಂದ ಬಂದಳು. ಇಬ್ಬರೂ ಚೂರುಗಳನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅವಳು ಹೋಗಿ ಅತಿಥಿಗಳಿಗೆಂದು ಎತ್ತಿಟ್ಟಿದ್ದ ಕಪ್ಪಿನಲ್ಲಿ ಫಳಫಳನಿಗೆ ಚಹಾ ತಂದುಕೊಟ್ಟಳು.

ಇದೇ ಬೇರೆ ವಾರವಾಗಿದ್ದರೆ ಅವನು ಚಹಾ ಕುಡಿದು ಜಾಗ ಖಾಲಿ ಮಾಡುತ್ತಿದ್ದನೇನೋ. ಆದರೆ ಎರಡು ಬೀದಿ ಆಚೆ ಹದಿನಾಲ್ಕು ಅಂತಸ್ತಿನ ಗಾಜಿನ ಕಟ್ಟಡವೊಂದು ಎದ್ದಿತ್ತು, ಒಂಬೈನೂರು ಕಿಟಕಿ. ಕೊನೆಯದನ್ನು ಒರೆಸುವ ಹೊತ್ತಿಗೆ ಮೊದಲನೆಯದು ಕೊಳೆಯಾಗಿರುತ್ತದೆ. ಅಂದರೆ ಸಾಯುವ ತನಕ ಅನ್ನ. ಅರ್ಜಿ ಸೋಮವಾರದೊಳಗೆ ಕೊಡಬೇಕು. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಯಾರ ಆಸ್ತಿಗಾದರೂ ಹಾನಿ ಮಾಡಿದ್ದೀರಾ? ಮಾಡಿದ್ದರೆ ನಷ್ಟ ತುಂಬಿಕೊಟ್ಟ ರಸೀದಿ ಲಗತ್ತಿಸಿ. ಇಲ್ಲ ಅಂತ ಬರೆದು ಬಿಸಾಕು ಎಂದಳು ಅವನ ಹೆಂಡತಿ. ಬರೆಯಬಹುದಿತ್ತು, ಆ ಕಟ್ಟಡದ ಮ್ಯಾನೇಜರು ದರ್ಜಿಯ ಮನೆಯ ನೆತ್ತಿಯ ಮೇಲಿನ ಮನೆಯಲ್ಲೇ ಇರದಿದ್ದರೆ. ಹುಂಜ ಬಿದ್ದಾಗ ಅವರ ಮನೆಯ ನೆಲವೇ ಕುಣಿದಿತ್ತು.

ಹಾಗಾಗಿ ಫಳಫಳನಿಗೆ ಬೇಕಾಗಿದ್ದದ್ದು ಒಂದು ಸಹಿ. ಶುಕ್ರವಾರ ದುಡ್ಡಿನ ಸಮೇತ ಹೋದ. ಅಂಥ ಚೌಕಾಸಿ ಭೂಮಿಯ ಮೇಲೆ ಹಿಂದೆ ನಡೆದಿಲ್ಲ. ಅವನು ಮೂರು ಸಾವಿರ ಅಂದ; ದರ್ಜಿಯ ಹೆಂಡತಿ ಮುನ್ನೂರೂ ಬಾಳುತ್ತಿರಲಿಲ್ಲ ಅಂದಳು. ಅವನು ಐದು ಸಾವಿರಕ್ಕೆ ಏರಿದ. ಅವಳು ಮೂವತ್ತಕ್ಕೆ ಇಳಿದಳು. ಅವನು ಎಂಟಕ್ಕೆ ಹೋದಾಗ ಅವಳು ತನ್ನ ಪರ್ಸಿನಿಂದಲೇ ಐನೂರು ತೆಗೆದು ಅವನ ಜೇಬಿಗೆ ತುರುಕಲು ಬಂದಳು.

"ಅಣ್ಣಾ, ದುಡ್ಡು ಇಸ್ಕೊಂಡ್ರೆ ನಮ್ಮತ್ತಿಗೆ ಕೇಳ್ತಾರೆ, ಆ ದುಡ್ಡು ಎಲ್ಲಿ ಅಂತ," ಎಂದು ದನಿ ತಗ್ಗಿಸಿ ಬಿಡಿಸಿ ಹೇಳಿದಳು. "ಅದೇ ದುಡ್ಡಲ್ಲಿ ಅದೇ ಅಂಗಡಿಗೆ ಹೋಗಿ ಅಂಥದ್ದೇ ಇನ್ನೊಂದು ತರ್ತಾರೆ. ನಮ್ಮ ನಷ್ಟ ನಮಗಿರಲಿ. ಕೈ ಮುಗಿತೀನಿ, ತುಂಬ್ಕೊಡಬೇಡಿ."

ವಿಮೆ ಕಚೇರಿಗೂ ಹೋಗಿ ಬಂದ. ನಷ್ಟವಾದವರು ನಷ್ಟವಾಯಿತು ಅನ್ನಬೇಕಲ್ಲ, ಇವರು ಲಾಭವಾಯಿತು ಅನ್ನುತ್ತಿದ್ದಾರೆ, ಲಾಭಕ್ಕೆ ನಮ್ಮಲ್ಲಿ ಫಾರಂ ಇಲ್ಲ ಎಂದು ಅಲ್ಲಿನ ಗುಮಾಸ್ತ ಕೈಚೆಲ್ಲಿದ. ಅತ್ತ ದರಿ, ಇತ್ತ ಪುಲಿ, ನಡುವೆ ಒಂಬೈನೂರು ಕಿಟಕಿ.

ಭಾನುವಾರ ಬೆಳಿಗ್ಗೆ ಫಳಫಳ ರಸೀದಿಯ ಹಾಳೆ ಹಿಡಿದು ದರ್ಜಿಯ ಬಾಗಿಲಲ್ಲಿ ನಿಂತಿದ್ದಾಗ ಅಕ್ಕ ಬಂದಳು. ತೆಳ್ಳಗಿನ ಹೆಂಗಸು, ಅವಳು ಒಳಗೆ ಕಾಲಿಟ್ಟರೆ ಕುರ್ಚಿಗಳೂ ನೆಟ್ಟಗೆ ಕೂರುತ್ತಿದ್ದವು. ಖಾಲಿ ಮೂಲೆ ನೋಡಿದಳು. ಚೂರು ತುಂಬಿದ ಎರಡು ಬಕೆಟ್ ನೋಡಿದಳು. ದರ್ಜಿ ಇಲಿ, ಗಾಳಿ, ಭೂಕಂಪ ಎಂದು ಏನೇನೋ ತೊದಲಿದ. ಫಳಫಳ ಮುಂದೆ ಬಂದು, ಒಡೆದವನು ನಾನು, ಎಷ್ಟಾದರೂ ಸರಿ ತೆರುತ್ತೇನೆ, ಇಲ್ಲೊಂದು ಸಹಿ ಬೇಕು ಎಂದ.

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಅಂಗಡಿಯವನು ಇಪ್ಪತ್ತೊಂದು ವರ್ಷ ಗ್ಯಾರಂಟಿ ಕೊಟ್ಟಿದ್ದ, ಹನ್ನೊಂದಷ್ಟೇ ಕೂಗಿದೆ, ಹತ್ತು ವರ್ಷ ಬಾಕಿ ಎಂದು ಬೆರಳು ಮಡಿಚಿ ಲೆಕ್ಕ ಹಾಕಿದಳು. ಆ ಅಂಗಡಿ ಮುಚ್ಚಿ ನಾಲ್ಕು ವರ್ಷವಾಯಿತು, ಅಂಥದ್ದು ಇನ್ನೆಲ್ಲೂ ಸಿಗುವುದಿಲ್ಲ ಎಂದಳು. ಅದನ್ನು ಕೇಳಿ ದರ್ಜಿಯ ಹೆಂಡತಿ ಗೋಡೆ ಹಿಡಿದುಕೊಂಡಳು; ಸಂತೋಷ ತಡೆಯಲಾಗಲಿಲ್ಲ. ಫಳಫಳ ನೋಟುಗಳನ್ನು ಮುಂದೆ ಚಾಚಿದ.

"ದುಡ್ಡು ಕೂಗುತ್ತೇನಪ್ಪಾ?" ಎಂದಳು ಅಕ್ಕ.

ಅವನು ನೋಟುಗಳನ್ನು ಒಮ್ಮೆ ನೋಡಿದ. ಕೂಗುವ ಲಕ್ಷಣ ಇರಲಿಲ್ಲ.

"ಕೂಗಲ್ಲ ಅಮ್ಮಾವ್ರೆ."

"ನಿಂಗೆ ಗಂಟಲಿದೆಯಲ್ಲ. ಭಾನುವಾರ ಹನ್ನೊಂದಕ್ಕೆ ಒಂದ್ಸಲ. ನಾ ಕೇಳ್ತಾ ಇದ್ದದ್ದು ಅಷ್ಟೇ, ಉಳಿದದ್ದು ಇವರಿಗೆ ಬಿಟ್ಟದ್ದು. ಹತ್ತು ವರ್ಷ."

ದರ್ಜಿಯ ಹೆಂಡತಿ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಗುಣಿಸಿದಳು: ವಾರಕ್ಕೆ ನೂರ ಅರವತ್ತೆಂಟು ಕೂಗು ಹೋಗಿ ಒಂದು ಉಳಿಯುತ್ತದೆ. ಗಂಡನ ಕೈಗೆ ಪೆನ್ನು ಕೊಟ್ಟು, ಅವನು ಯೋಚಿಸುವ ಮೊದಲೇ ಕೈಯನ್ನೂ ತಾನೇ ಓಡಿಸಿದಳು. ಅಕ್ಕ ಕೆಳಗೆ ಗುಂಡಗೆ ಬರೆದಳು: ಹುಂಜದ ನಷ್ಟವನ್ನು ಕೂಗಿನ ಮೂಲಕ ತುಂಬಿಕೊಡಲಾಗುತ್ತಿದೆ, ಪ್ರತಿ ಭಾನುವಾರ ಹನ್ನೊಂದಕ್ಕೆ, ಈ ಹಜಾರಕ್ಕೆ ಕೇಳಿಸುವಂತೆ. ಒಂದು ವಾರ ತಪ್ಪಿದರೂ ರಸೀದಿ ರದ್ದು.

ಅಷ್ಟರಲ್ಲಿ ಹನ್ನೊಂದಾಯಿತು. ಫಳಫಳ ಖಾಲಿ ಮೂಲೆಯಲ್ಲಿ ನಿಂತು, ಎದೆ ಉಬ್ಬಿಸಿ, ಕಣ್ಣು ಮುಚ್ಚಿ ಕೂಗಿದ. ಕೆಲಸ ಯಾವುದೇ ಇರಲಿ, ಅರೆಮನಸ್ಸಿನಿಂದ ಮಾಡುವ ಆಸಾಮಿಯಲ್ಲ ಅವನು. ಬಕೆಟ್ಟಿನ ಚೂರುಗಳು ಎದ್ದು ಮತ್ತೆ ಹುಂಜವಾಗಲು ನೋಡಿದವು.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮ್ಯಾನೇಜರು, ಒಂದು ಕೆನ್ನೆಯಲ್ಲಿ ಶೇವಿಂಗ್ ನೊರೆ ಹಾಗೇ ಇಟ್ಟುಕೊಂಡು, ಬಾಗಿಲಲ್ಲಿ ನಿಂತಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮೂರು ದಿನ ಸತತವಾಗಿ ನಿದ್ದೆ ಮಾಡಿ ಅವರ ಮುಖಕ್ಕೆ ಕಳೆ ಬಂದಿತ್ತು. ಅದು ಈಗ ಇಳಿಯುತ್ತಿತ್ತು.

"ಅದು ಒಡೆದುಹೋಯ್ತು ಅಂದ್ರಲ್ಲ," ಎಂದರು.

"ಒಡೆದದ್ದು ನಾನೇ ಸಾರ್. ಪೂರ್ತಿ ತುಂಬಿಕೊಟ್ಟಿದ್ದೀನಿ. ಇಗೋ ರಸೀದಿ," ಎಂದು ಫಳಫಳ ಹೆಮ್ಮೆಯಿಂದ ಹಾಳೆ ಚಾಚಿದ.

ರಸೀದಿ ಇಲ್ಲದೆಯೇ ಅವನಿಗೆ ಒಂಬೈನೂರು ಕಿಟಕಿ ಕೊಡಬೇಕೆಂದು ಮ್ಯಾನೇಜರು ಗುರುವಾರವೇ ತೀರ್ಮಾನಿಸಿದ್ದರು. ಹುಂಜ ಒಡೆದವನಿಗೆ ಹೂವಿನ ಹಾರ ಹಾಕಬೇಕು ಅಂದುಕೊಂಡಿದ್ದರು. ಈಗ ರಸೀದಿಯನ್ನು ಮೂರು ಸಲ ಓದಿದರು. ಎಲ್ಲೂ ತಪ್ಪು ಸಿಗಲಿಲ್ಲ. ಅವರು ನಿಯಮದ ಮನುಷ್ಯ, ಅರ್ಜಿ ಸರಿಯಿದ್ದರೆ ತಿರಸ್ಕರಿಸುವಂತಿಲ್ಲ. ಬಹಳ ಹೊತ್ತು ನೊರೆ ಒಣಗುವವರೆಗೆ ಯೋಚಿಸಿ, ಕೆಲಸ ನಿನ್ನದೇ, ಆದರೆ ಒಂದು ಷರತ್ತು ಎಂದರು: ಪ್ರತಿ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಹದಿನಾಲ್ಕನೇ ಅಂತಸ್ತಿನ ಹೊರಬದಿಯಲ್ಲೇ ಇರಬೇಕು. ನಡುವೆ ಇಳಿದರೆ ಕೆಲಸ ಹೋಯಿತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬಂಥ ಷರತ್ತು ಹಾಕಿದೆ ಎಂದುಕೊಂಡು ಮ್ಯಾನೇಜರು ಮೇಲೆ ಹೋದರು. ಫಳಫಳ ಮನೆಗೆ ಹೋಗಿ ಆರು ದಿನ ಮಾತಾಡಲಿಲ್ಲ. ಅವನ ಹೆಂಡತಿ ಚಿಂತೆ ಹಚ್ಚಿಕೊಂಡಳು. ಅವನು ಗಂಟಲು ಉಳಿಸುತ್ತಿದ್ದ.

ಮುಂದಿನ ಭಾನುವಾರ ಅಕ್ಕ ದರ್ಜಿಯ ಹಜಾರದಲ್ಲಿ ಕಿಟಕಿ ತೆರೆಸಿ ಕುರ್ಚಿ ಹಾಕಿಕೊಂಡು ಕೂತಳು. ಮೇಲಿನ ಮನೆಯಲ್ಲಿ ಮ್ಯಾನೇಜರು ನಿಶ್ಚಿಂತೆಯಿಂದ ದಿಂಬಿಗೊರಗಿದ್ದರು. ಎರಡು ಬೀದಿ ಆಚೆ, ಮೋಡಕ್ಕೆ ತಲೆ ತಾಗುವಷ್ಟು ಎತ್ತರದಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೇತಾಡುತ್ತಿದ್ದ ಫಳಫಳ ವೈಪರನ್ನು ಬಕೆಟ್ಟಿಗೆ ಹಾಕಿ, ಗಡಿಯಾರ ನೋಡಿ, ದರ್ಜಿಯ ಮನೆಯ ಕಡೆ ತಿರುಗಿದ.

ಆ ಕೂಗು ಹಜಾರಕ್ಕೆ ಕೇಳಿಸಿತು. ಹಜಾರಕ್ಕೆ ಮಾತ್ರ ಕೇಳಿಸಬೇಕೆಂದು ರಸೀದಿಯಲ್ಲಿ ಬರೆದಿರಲಿಲ್ಲವಾದ್ದರಿಂದ ಊರಿಗೂ ಕೇಳಿಸಿತು. ಏಳು ಹಳ್ಳಿಯ ನಿಜವಾದ ಹುಂಜಗಳು ಹೊತ್ತು ತಪ್ಪಿತೆಂದು ಗಾಬರಿಯಾಗಿ ಎದ್ದು ಉತ್ತರ ಕೊಟ್ಟವು. ಆ ಉತ್ತರ ಮುಗಿಯಲು ಹನ್ನೊಂದೂವರೆಯಾಯಿತು. ಮೇಲಿನ ಮನೆಯ ಮಂಚದಿಂದ ಏನೋ ಬಿದ್ದ ಸದ್ದಾಯಿತು.

ಅಕ್ಕ ಕೈಗಡಿಯಾರ ನೋಡಿಕೊಂಡಳು.

"ಎರಡು ನಿಮಿಷ ಹಿಂದಿದೆ," ಎಂದಳು ತಮ್ಮನಿಗೆ. "ಸರಿ ಮಾಡ್ಕೊ ಅಂತ ಹೇಳು. ಸ್ವರ ಪರವಾಗಿಲ್ಲ."

ಹದಿನಾಲ್ಕನೇ ಅಂತಸ್ತಿನಲ್ಲಿ ಕೂಗಿನ ಉಸಿರಿಗೆ ಬೆನ್ನ ಹಿಂದಿನ ಗಾಜೂ ಮಂಜಾಗಿತ್ತು. ಫಳಫಳ ಅದನ್ನು ಒರೆಸಿ, ಹಗ್ಗ ಸಡಿಲಿಸಿ, ಪಕ್ಕದ ಕಿಟಕಿಗೆ ಜರುಗಿದ. ಇನ್ನೂ ಎಂಟುನೂರ ತೊಂಬತ್ತೆರಡು ಇದ್ದವು.